ಡೀಸೆಲ್ ಗಟ್ಟಿ ಎಂಬ ಮಾತು ಎಷ್ಟು ಗಟ್ಟಿ?

ಫೋರ್ಡ್ ಕಂಪನಿಯ ಎರಡು ಇಂಜಿನ್‌ಗಳಿಗೆ ಒಂದೇ ಅಂಕಿ ಇದೆ: 7.3 ಲೀಟರ್. ಒಂದು, 1994ರಿಂದ 2003ರವರೆಗೆ ಅದರ ಭಾರಿ ಪಿಕಪ್‌ಗಳಲ್ಲಿ ಬರುತ್ತಿದ್ದ ‘ಪವರ್ ಸ್ಟ್ರೋಕ್’ ಡೀಸೆಲ್. ಇನ್ನೊಂದು, 2020ರ ಮಾಡೆಲ್‌ನಿಂದ ಅದೇ ವರ್ಗದ ಪಿಕಪ್‌ಗಳಿಗೆ ಬಂದ ಪೆಟ್ರೋಲ್ ವಿ8. ಅಮೆರಿಕದ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘ಗಾಡ್‌ಜಿಲ್ಲಾ’. ಡೀಸೆಲ್ ಎಷ್ಟು ಬಾಳುತ್ತದೆ ಎನ್ನುವುದಕ್ಕೆ ಇವತ್ತಿಗೂ ಕೊಡುವ ಉದಾಹರಣೆ ಮೊದಲನೆಯದು. ಎರಡನೆಯದು, ಭಾರ ಎಳೆಯಬೇಕು ಆದರೆ ಡೀಸೆಲ್ಲಿನ ತಾಪತ್ರಯ ಬೇಡ ಎನ್ನುವ ಗಿರಾಕಿಗಳು ಹುಡುಕಿಕೊಂಡು ಹೋಗುವ ಇಂಜಿನ್. ಡೀಸೆಲ್ ಎಂದರೆ ನಿಶ್ಚಿಂತೆ ಎನ್ನುತ್ತಿದ್ದವರೇ ಡೀಸೆಲ್ ಎಂದರೆ ತಾಪತ್ರಯ ಎನ್ನಲು ಹದಿನೇಳು ವರ್ಷ ಸಾಕಾಯಿತು. ಆ ನಡುವೆ ಇಂಜಿನ್ನಿನ ಕಬ್ಬಿಣವೇನೂ ಮೆತ್ತಗಾಗಲಿಲ್ಲ. ಹಾಗಾದರೆ ಕೆಟ್ಟದ್ದು ಏನು?

ನಮ್ಮ ಕಡೆ ಪಿಕಪ್ ಎಂದರೆ ಟೊಮೆಟೊ ಕ್ರೇಟು ಹೇರಿಕೊಂಡು ನಸುಕಿನಲ್ಲಿ ಮಂಡಿಗೆ ಓಡುವ ಬೊಲೆರೊ. ಅಮೆರಿಕದಲ್ಲಿ ಅದು ರೈತನ ಗಾಡಿ, ಕಂಟ್ರಾಕ್ಟರನ ಆಫೀಸು, ಮಕ್ಕಳನ್ನು ಶಾಲೆಗೆ ಬಿಡುವ ಮನೆಗಾಡಿ, ಎಲ್ಲವೂ. ಫೋರ್ಡ್‌ನ ಎಫ್-ಸರಣಿ 1977ರಿಂದ ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. ಅದರಲ್ಲಿ ಹಗುರ ವರ್ಗದ ಎಫ್-150 ಬಹುಪಾಲು ಪೆಟ್ರೋಲ್; ಅಲ್ಲಿ ಜಗಳವೇ ಇಲ್ಲ. ಜಗಳ ಇರುವುದು ಮೇಲಿನ ವರ್ಗದಲ್ಲಿ: ಎಫ್-250, ರ‍್ಯಾಮ್ 2500, ಸಿಲ್ವೆರಾಡೊ 2500. ಹಿಂದೆ ಕುದುರೆಗಳ ಟ್ರೇಲರ್, ದೋಣಿ, ಮಣ್ಣು ಅಗೆಯುವ ಯಂತ್ರ ಕಟ್ಟಿಕೊಂಡು ಹೋಗುವ ಗಾಡಿಗಳು ಇವು. ಇವುಗಳಲ್ಲಿ ಪೆಟ್ರೋಲ್ ಬದಲು ಡೀಸೆಲ್ ಬೇಕೆಂದರೆ ಸುಮಾರು 10,000 ಡಾಲರ್ ಹೆಚ್ಚಿಗೆ ಕೊಡಬೇಕು. ಕೊಡುವವರನ್ನು ಯಾಕೆ ಎಂದು ಕೇಳಿದರೆ ಬರುವ ಉತ್ತರ ನಮ್ಮೂರಿನ ಯಾವ ಡ್ರೈವರ್ ಬಾಯಿಂದಲೂ ಬರುವಂಥದ್ದೇ: ಡೀಸೆಲ್ ಜಾಸ್ತಿ ಬಾಳುತ್ತೆ.

ಆ ಮಾತು ಸುಳ್ಳಲ್ಲ, ಕಾರಣಗಳೂ ಇವೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಇಂಜಿನ್ನಿಗೆ ಕಿಡಿ ಬೇಡ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತದಲ್ಲ, ಅದೇ ತತ್ವ. ಸಿಲಿಂಡರಿನ ಗಾಳಿಯನ್ನು ಹದಿನಾರು–ಹದಿನೇಳು ಪಟ್ಟು ಒತ್ತಿದರೆ ಅದು 500 ಡಿಗ್ರಿ ದಾಟಿ ಕಾಯುತ್ತದೆ. ಅದರೊಳಗೆ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಈ ಒತ್ತುವಿಕೆ ಹತ್ತು ಪಟ್ಟಿನ ಆಸುಪಾಸು. ಡೀಸೆಲ್ಲಿನ ಈ ಹೊಡೆತ ತಾಳಬೇಕೆಂದರೆ ಬ್ಲಾಕ್ ದಪ್ಪ ಇರಬೇಕು, ಕ್ರ್ಯಾಂಕ್ ದಪ್ಪ ಇರಬೇಕು, ಬೇರಿಂಗ್ ಅಗಲ ಇರಬೇಕು. ಅಂದರೆ ಗಟ್ಟಿತನ ಡೀಸೆಲ್ಲಿಗೆ ಯಾರೋ ಉದಾರವಾಗಿ ಕೊಟ್ಟದ್ದಲ್ಲ. ಅದಿಲ್ಲದೆ ಆ ಇಂಜಿನ್ ಒಂದು ದಿನವೂ ನಡೆಯದು.

ಎರಡನೆಯ ಕಾರಣ, ನಿಧಾನ. ದೊಡ್ಡ ಡೀಸೆಲ್ ಹೆದ್ದಾರಿಯಲ್ಲಿ ನಿಮಿಷಕ್ಕೆ ಎರಡು ಸಾವಿರದೊಳಗೆ ಸುತ್ತುತ್ತಾ ಟ್ರೇಲರ್ ಎಳೆಯುತ್ತದೆ. ಅದೇ ಭಾರಕ್ಕೆ, ಅದೇ ಏರಿಗೆ ಪೆಟ್ರೋಲ್ ಇಂಜಿನ್ ಗೇರ್ ಇಳಿಸಿ ನಾಲ್ಕು ಸಾವಿರದ ಮೇಲೆ ಚೀರಬೇಕು. ಒಂದೇ ದೂರ ಕ್ರಮಿಸಲು ಪಿಸ್ಟನ್ ಎಷ್ಟು ಸಲ ಬೋರನ್ನು ಉಜ್ಜಿತು ಎನ್ನುವುದು ಸವೆತದ ಮೂಲ ಲೆಕ್ಕ. ಅದರಲ್ಲಿ ಡೀಸೆಲ್ ಮುಂದೆ. ಜೊತೆಗೆ ಡೀಸೆಲ್‌ಗೆ ಎಣ್ಣೆಯ ಜಿಡ್ಡಿದೆ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲ್ ಪದರವನ್ನು ತೊಳೆದುಬಿಡುವಷ್ಟು ಇದು ತೊಳೆಯುವುದಿಲ್ಲ.

ಈ ಎಲ್ಲ ಗುಣಗಳೂ ಒಂದೇ ಕಡೆ ಸಿಕ್ಕ ಇಂಜಿನ್ ಯಾವುದೆಂದರೆ ಕಮಿನ್ಸ್ 5.9. ಇಂಡಿಯಾನಾದ ಕೊಲಂಬಸ್ ಊರಿನ ಕಮಿನ್ಸ್ ಕಂಪನಿ ಇದನ್ನು ಪಿಕಪ್‌ಗೆಂದು ಮಾಡಿದ್ದಲ್ಲ. ಲಾರಿ, ಬಸ್, ಹೊಲದ ಯಂತ್ರ, ಜನರೇಟರ್‌ಗಳಿಗೆ ಮಾಡಿದ ಆರು ಸಿಲಿಂಡರಿನ ಎರಕದ ಕಬ್ಬಿಣದ ಗುಂಡನ್ನು ಡಾಡ್ಜ್ ಕಂಪನಿ 1989ರ ಮಾಡೆಲ್‌ನಲ್ಲಿ ತನ್ನ ಪಿಕಪ್ಪಿನ ಮೂತಿಯೊಳಗೆ ಕೂರಿಸಿತು. ತೂಕ ಸುಮಾರು ಅರ್ಧ ಟನ್, ಶಕ್ತಿ ಬರೀ 160 ಅಶ್ವಶಕ್ತಿ, ಟಾರ್ಕ್ ಮಾತ್ರ 540 ನ್ಯೂಟನ್ ಮೀಟರ್ ದಾಟಿತ್ತು. ಇದೇ ಬಿ-ಸರಣಿಯನ್ನು ಜಮ್‌ಶೆಡ್‌ಪುರದಲ್ಲಿ ಟಾಟಾ ಕಮಿನ್ಸ್ ತಯಾರಿಸಿತು. ನಮ್ಮ ಹೆದ್ದಾರಿಗಳಲ್ಲಿ ಹದಿನಾರು ಟನ್ ಹೊತ್ತು ಘಾಟ್ ಹತ್ತಿದ ಟಾಟಾ ಲಾರಿಗಳಲ್ಲಿ ಎಷ್ಟೋ ಇದೇ 5.9ರವು. ಲಾರಿ ಎಳೆಯಲು ಹುಟ್ಟಿದ ಇಂಜಿನ್ನಿಗೆ ಮೂರು ಟನ್ನಿನ ಪಿಕಪ್ ಒಂದು ಭಾರವೇ? ಅದರ ದೀರ್ಘಾಯುಷ್ಯದ ಗುಟ್ಟು ಬಹುಪಾಲು ಇಷ್ಟೇ. (ಕಮಿನ್ಸ್ 1962ರಲ್ಲಿ ಪುಣೆಗೆ ಬಂದದ್ದು ಕಿರ್ಲೋಸ್ಕರ್ ಜೊತೆ. ಆ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದವರು.)

ಹಾಗೆಂದು ಅದೂ ನಿಷ್ಕಳಂಕವೇನಲ್ಲ. 5.9ರ ಮುಂಭಾಗದಲ್ಲಿ ಟೈಮಿಂಗ್ ಗೇರುಗಳ ಕವಚವನ್ನು ಸರಿಯಾದ ಜಾಗದಲ್ಲಿ ಕೂರಿಸಲು ಒಂದು ಪುಟ್ಟ ಉಕ್ಕಿನ ಪಿನ್ನು ಇದೆ. ಕಿರುಬೆರಳ ತುದಿಯಷ್ಟೂ ಇಲ್ಲ. ಅದರ ಕೆಲಸ ಜೋಡಣೆಯ ದಿನವೇ ಮುಗಿಯಿತು. ಆಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೆ ವರ್ಷಗಟ್ಟಲೆ ನಡುಕ ತಿಂದು ತಿಂದು ಅದು ತೂತಿನಿಂದ ಮೆಲ್ಲಗೆ ಹೊರಗೆ ಸರಿಯುತ್ತದೆ. ಅದೃಷ್ಟ ಚೆನ್ನಾಗಿದ್ದರೆ ಆಯಿಲ್ ತೊಟ್ಟಿಗೆ ಬೀಳುತ್ತದೆ. ಇಲ್ಲದಿದ್ದರೆ ತಿರುಗುವ ಎರಡು ಗೇರುಗಳ ಹಲ್ಲಿನ ನಡುವೆ. ಅಲ್ಲಿಗೆ ಕವಚ ಒಡೆದು, ಗೇರು ಮುರಿದು, ಟೈಮಿಂಗ್ ತಪ್ಪಿ, ಹತ್ತು ಲಕ್ಷ ಕಿಲೋಮೀಟರ್ ಓಡಬಹುದಾಗಿದ್ದ ಇಂಜಿನ್ನಿನ ಕಥೆ ಮುಗಿಯಿತು. ಮೆಕ್ಯಾನಿಕ್‌ಗಳು ಅದನ್ನು ‘ಕಿಲ್ಲರ್ ಡವಲ್ ಪಿನ್’ ಎಂದೇ ಕರೆಯುತ್ತಾರೆ. ಪರಿಹಾರ ಇನ್ನೂ ಸೋಜಿಗದ್ದು: ಪಿನ್ನು ಈಚೆ ಬರದಂತೆ ಪಕ್ಕದ ಬೋಲ್ಟಿಗೆ ಸಿಕ್ಕಿಸುವ ಒಂದು ತಗಡಿನ ಪಟ್ಟಿ. ಪಟ್ಟಿಯ ಬೆಲೆ ಏನೂ ಅಲ್ಲ, ಮುಂಭಾಗ ಬಿಚ್ಚುವ ಕೂಲಿಯೇ ಖರ್ಚು.

ಇನ್ನು ಡೀಸೆಲ್ ಎಂದ ಮಾತ್ರಕ್ಕೆ ಗಟ್ಟಿ ಎನ್ನುವವರು ಜನರಲ್ ಮೋಟಾರ್ಸ್ (ಜಿಎಂ) ಕಂಪನಿಯ ಓಲ್ಡ್ಸ್‌ಮೊಬೈಲ್ ಡೀಸೆಲ್ ನೆನೆಯಬೇಕು. ತೈಲ ಬಿಕ್ಕಟ್ಟಿನ ದಶಕದಲ್ಲಿ, 1978ರ ಮಾಡೆಲ್‌ಗೆ ಕಾರಿಗೂ ಪಿಕಪ್ಪಿಗೂ ಹಾಕಿದ 5.7 ಲೀಟರಿನ ವಿ8 ಅದು. ಬ್ಲಾಕ್ ದಪ್ಪಗಾಗಿಸಿದರು. ಆದರೆ ಕಾರ್ಖಾನೆಯಲ್ಲಿದ್ದ ಹಳೆಯ ಯಂತ್ರಗಳೇ ಸಾಕಾಗಲೆಂದು ಹೆಡ್ ಬೋಲ್ಟ್‌ಗಳ ಜಾಗ ಮತ್ತು ಸಂಖ್ಯೆಯನ್ನು ಪೆಟ್ರೋಲ್ ಇಂಜಿನ್ನಿನದ್ದೇ ಉಳಿಸಿಕೊಂಡರು. ಡೀಸೆಲ್ಲಿನ ಒತ್ತಡಕ್ಕೆ ಬೋಲ್ಟು ಎಳೆದುಕೊಂಡಿತು, ಹೆಡ್ ಗ್ಯಾಸ್ಕೆಟ್ ಸೋರಿತು, ಸಿಲಿಂಡರಿಗೆ ನೀರು ನುಗ್ಗಿತು. ಡೀಸೆಲ್ಲಿನಲ್ಲಿ ಬೆರೆತ ನೀರನ್ನು ಬೇರ್ಪಡಿಸುವ ಫಿಲ್ಟರ್ ಕೂಡ ಕೊಟ್ಟಿರಲಿಲ್ಲ. 1985ಕ್ಕೆ ಅದರ ಆಟ ಮುಗಿಯಿತು. ಅಮೆರಿಕದ ಒಂದು ತಲೆಮಾರಿಗೆ ಡೀಸೆಲ್ ಕಾರೆಂದರೆ ವಾಕರಿಕೆ ಬರುವಂತೆ ಮಾಡಿ ಹೋಯಿತು.

ಅತ್ತ ಪೆಟ್ರೋಲ್ ಪಾಳಯದಲ್ಲೂ ಸಾಯಲೊಲ್ಲದ ಇಂಜಿನ್‌ಗಳಿದ್ದವು. ಫೋರ್ಡ್‌ನ 300 ಕ್ಯುಬಿಕ್ ಇಂಚಿನ, ಅಂದರೆ 4.9 ಲೀಟರಿನ ಆರು ಸಿಲಿಂಡರ್ 1965ರಿಂದ 1996ರವರೆಗೆ ಬಂತು. ಏಳು ಮೇನ್ ಬೇರಿಂಗ್. ಕ್ಯಾಮ್ ತಿರುಗಿಸಲು ಚೈನಿನ ಬದಲು ಗೇರು. ಕೊನೆಕೊನೆಗೂ ಅದರ ಶಕ್ತಿ 150 ಅಶ್ವಶಕ್ತಿಯ ಆಸುಪಾಸೇ. ದಿನವಿಡೀ ಮನೆಮನೆಗೆ ನಿಂತು ನಿಂತು ಹೋಗುವ ಪಾರ್ಸೆಲ್ ವ್ಯಾನುಗಳಿಗೂ ಅದನ್ನೇ ಹಾಕುತ್ತಿದ್ದರು. ಅದನ್ನು ನೋಡಿದವರಿಗೆ ಸ್ಪಷ್ಟ: ಪೆಟ್ರೋಲ್ ಹೊಟ್ಟೆಗೆ ಹಾಕಿಕೊಂಡ ಡೀಸೆಲ್ ಜಾತಿಯ ಇಂಜಿನ್ ಅದು. ದೊಡ್ಡದು, ನಿಧಾನದ್ದು, ಕೈಲಾಗುವುದಕ್ಕಿಂತ ಕಡಿಮೆ ಕೆಲಸ ಮಾಡುವಂಥದ್ದು. ಲೂಸಿಯಾನಾದ ಒಬ್ಬ ಚಾಲಕರ 2007ರ ಟೊಯೊಟಾ ಟಂಡ್ರಾ, 4.7 ಲೀಟರಿನ ಪೆಟ್ರೋಲ್ ವಿ8, 2016ರಲ್ಲಿ ಹತ್ತು ಲಕ್ಷ ಮೈಲಿ ಮುಟ್ಟಿತು; ಅಂದರೆ 16 ಲಕ್ಷ ಕಿಲೋಮೀಟರ್. ಕಂಪನಿ ಅದನ್ನು ವಾಪಸ್ ಪಡೆದು ಅವರಿಗೆ ಹೊಸ ಪಿಕಪ್ ಕೊಟ್ಟಿತು, ಹಳೆಯದನ್ನು ಬಿಚ್ಚಿ ಅಧ್ಯಯನ ಮಾಡಿತು. ಒಂಬತ್ತು ವರ್ಷಕ್ಕೆ ಹತ್ತು ಲಕ್ಷ ಮೈಲಿ ಎಂದರೆ ದಿನಕ್ಕೆ ಮುನ್ನೂರು ಮೈಲಿ ಹೆದ್ದಾರಿ ಓಟ. ಇಂಜಿನ್ ತಣ್ಣಗಾಗಲು ಪುರುಸೊತ್ತೇ ಇಲ್ಲ. ಇಂಜಿನ್‌ಗಳಿಗೆ ಬೇಕಾದದ್ದೂ ಅದೇ.

ಇಲ್ಲಿ ಒಂದು ಅನುಮಾನ ಎತ್ತಲೇಬೇಕು. ಐದು ಲಕ್ಷ ಮೈಲಿ ಓಡಿದ ಡೀಸೆಲ್ ಪಿಕಪ್‌ಗಳು ಪೆಟ್ರೋಲಿನವುಗಳಿಗಿಂತ ಹೆಚ್ಚು ಕಣ್ಣಿಗೆ ಬೀಳುವುದು ನಿಜ. ಆದರೆ ಹತ್ತು ಸಾವಿರ ಡಾಲರ್ ಹೆಚ್ಚಿಗೆ ಕೊಟ್ಟು ಡೀಸೆಲ್ ಕೊಳ್ಳುವವನು ಯಾರು? ವರ್ಷಕ್ಕೆ ಲಕ್ಷ ಕಿಲೋಮೀಟರ್ ಸರಕು ಎಳೆಯುವವನು, ಟೈಮಿಗೆ ಸರಿಯಾಗಿ ಆಯಿಲ್ ಬದಲಿಸುವವನು, ಗೇರ್‌ಬಾಕ್ಸ್ ಹೋದರೂ ಗಾಡಿ ಬಿಡದೆ ರಿಪೇರಿ ಮಾಡಿಸುವವನು. ಪೆಟ್ರೋಲ್ ಪಿಕಪ್ ಎರಡು ಲಕ್ಷ ಮೈಲಿಗೆ ಗುಜರಿ ಸೇರಿದರೆ ಅದರ ಇಂಜಿನ್ ಸತ್ತಿರಬೇಕೆಂದೇನಿಲ್ಲ. ಗಾಡಿಯ ಬೆಲೆಗಿಂತ ರಿಪೇರಿ ಬಿಲ್ಲು ದೊಡ್ಡದಾಯಿತು, ಅಷ್ಟೇ. ನಾವು ಇಂಜಿನ್ನಿನ ಆಯಸ್ಸು ಎಂದುಕೊಳ್ಳುವುದರಲ್ಲಿ ಮಾಲೀಕನ ಲೆಕ್ಕಾಚಾರದ ಪಾಲು ದೊಡ್ಡದು.

ಈಗ ಆ ಹದಿನೇಳು ವರ್ಷಗಳ ವಿಷಯ. ಹೊಗೆಯ ನಿಯಮ ಬಿಗಿಯಾಗುತ್ತಾ ಬಂದಂತೆ ಫೋರ್ಡ್ ತನ್ನ 7.3 ಡೀಸೆಲ್ಲಿಗೆ ವಿದಾಯ ಹೇಳಿ 2003ರಲ್ಲಿ 6.0 ಲೀಟರಿನದನ್ನು ತಂದಿತು. ಎರಡನ್ನೂ ತಯಾರಿಸುತ್ತಿದ್ದದ್ದು ನ್ಯಾವಿಸ್ಟಾರ್. ಹೊಸದರಲ್ಲಿ ಸೈಲೆನ್ಸರಿನ ಹೊಗೆಯ ಒಂದು ಪಾಲನ್ನು ತಣ್ಣಗೆ ಮಾಡಿ ಮತ್ತೆ ಇಂಜಿನ್ನಿಗೇ ಕುಡಿಸುವ ಏರ್ಪಾಡಿತ್ತು. ಆ ಹೊಗೆ ತಣಿಸುವ ಕೂಲರ್‌ಗೆ ನೀರು ಬರುವುದು ಆಯಿಲ್ ಕೂಲರ್ ದಾಟಿ. ಆಯಿಲ್ ಕೂಲರಿನ ಸಣ್ಣ ಸಣ್ಣ ದಾರಿಗಳಲ್ಲಿ ಕೂಲಂಟ್ ಗಸಿ, ಎರಕದ ಮರಳು ಕಟ್ಟಿಕೊಂಡರೆ ಹೊಗೆಯ ಕೂಲರ್‌ಗೆ ನೀರಿಲ್ಲ. ಅದು ಕಾದು ಬಿರಿಯುತ್ತದೆ. ಬಿರಿದದ್ದರಿಂದ ಸೋರಿದ ನೀರು ಸಿಲಿಂಡರಿಗೆ ಇಳಿದು ಆವಿಯಾಗುತ್ತದೆ. ಆ ಒತ್ತಡಕ್ಕೆ ಹೆಡ್ ಬೋಲ್ಟ್‌ಗಳು ಎಳೆದುಕೊಂಡು ಗ್ಯಾಸ್ಕೆಟ್ ಹಾರುತ್ತದೆ. ಹೆಡ್ ಬಿಚ್ಚೋಣವೆಂದರೆ ಬಾನೆಟ್ಟಿನೊಳಗೆ ಕೈ ಹೋಗುವುದಿಲ್ಲ. ಹಾಗಾಗಿ ಅಮೆರಿಕದ ಗ್ಯಾರೇಜುಗಳಲ್ಲಿ ಡ್ರೈವರ್ ಕ್ಯಾಬಿನ್ನನ್ನೇ ಚಾಸಿಯಿಂದ ಬಿಚ್ಚಿ ಲಿಫ್ಟ್ ಮೇಲೆತ್ತಿ, ಕೆಳಗೆ ಬತ್ತಲೆ ನಿಂತ ಇಂಜಿನ್ನಿಗೆ ಕೈ ಹಾಕುವ ಪದ್ಧತಿ ಬಂತು. ವಾರಂಟಿ ಖರ್ಚಿನ ಜಗಳ ಫೋರ್ಡ್ ಮತ್ತು ನ್ಯಾವಿಸ್ಟಾರ್‌ಗಳನ್ನು 2007ರಲ್ಲಿ ಕೋರ್ಟಿಗೆ ಹತ್ತಿಸಿತು. 2011ರ ಮಾಡೆಲ್‌ನಿಂದ ಫೋರ್ಡ್ ತನ್ನ ಡೀಸೆಲ್ಲನ್ನು ತಾನೇ ಮಾಡತೊಡಗಿತು.

ಗಮನಿಸಿ, ಈ ಸರಪಳಿಯಲ್ಲಿ ಬೋರ್ ಸವೆದದ್ದಿಲ್ಲ, ಕ್ರ್ಯಾಂಕ್ ಮುರಿದದ್ದಿಲ್ಲ. 2007ರ ನಿಯಮಕ್ಕೆ ಮಸಿ ಹಿಡಿಯುವ ಡಿಪಿಎಫ್ ಬಂತು, 2010ರ ನಿಯಮಕ್ಕೆ ಯೂರಿಯಾ ದ್ರವ ಚಿಮ್ಮಿಸುವ ಏರ್ಪಾಡು ಬಂತು. ಒಂದೊಂದರ ಹಿಂದೆಯೂ ಸೆನ್ಸರು, ಹೀಟರು, ಪಂಪು. ಡಿಪಿಎಫ್ ಎಂದರೆ ಜೇನುಗೂಡಿನಂಥ ಪಿಂಗಾಣಿಯ ಜಾಲರಿ. ಅದರಲ್ಲಿ ಕೂತ ಮಸಿಯನ್ನು ಸುಡಲು ಸೈಲೆನ್ಸರ್ ಸುಮಾರು 600 ಡಿಗ್ರಿ ಕಾಯಬೇಕು. ಹೆದ್ದಾರಿಯಲ್ಲಿ ಅರ್ಧ ಗಂಟೆ ಭಾರ ಎಳೆದರೆ ಸಲೀಸಾಗಿ ಕಾಯುತ್ತದೆ. ಮನೆಯಿಂದ ಶಾಲೆ, ಶಾಲೆಯಿಂದ ಅಂಗಡಿ ಎಂದು ಓಡಿಸಿದರೆ ಕಾಯುವುದಿಲ್ಲ. ಸುಡುವ ಪ್ರಯತ್ನದಲ್ಲಿ ಸಿಲಿಂಡರಿಗೆ ಚಿಮ್ಮಿಸಿದ ಹೆಚ್ಚುವರಿ ಡೀಸೆಲ್ ಗೋಡೆ ಹಿಡಿದು ಆಯಿಲ್ ತೊಟ್ಟಿಗೆ ಇಳಿದು ಆಯಿಲ್ ನೀರಾಗುತ್ತದೆ. ಭಾರ ಎಳೆಯದ ಡೀಸೆಲ್ ಬೇಗ ಕೆಡುತ್ತದೆ ಎಂಬ ವಿಪರ್ಯಾಸ ಹುಟ್ಟಿದ್ದು ಹೀಗೆ.

ಇದೆಲ್ಲಕ್ಕಿಂತ ಕ್ರೂರವಾದದ್ದು ಇಂಧನದ ಪಂಪಿನ ಕಥೆ. ಅಮೆರಿಕ 2006ರಿಂದ ಡೀಸೆಲ್ಲಿನ ಗಂಧಕವನ್ನು ಹತ್ತು ಲಕ್ಷಕ್ಕೆ 500 ಪಾಲಿನಿಂದ 15ಕ್ಕೆ ಇಳಿಸಿತು. ಡಿಪಿಎಫ್ ಉಳಿಯಬೇಕಾದರೆ ಅದು ಬೇಕಿತ್ತು. ಆದರೆ ಗಂಧಕ ತೆಗೆಯುವ ಪ್ರಕ್ರಿಯೆಯಲ್ಲಿ ಡೀಸೆಲ್ಲಿನ ಸಹಜ ಜಿಡ್ಡೂ ಹೋಗುತ್ತದೆ. ಕಳೆದದ್ದನ್ನು ಬೇರೆ ರಾಸಾಯನಿಕ ಬೆರೆಸಿ ತುಂಬಿಕೊಡಬೇಕು. ಎಷ್ಟು ತುಂಬಬೇಕೆಂಬ ಮಾನದಂಡ ಅಮೆರಿಕದ್ದು ಯುರೋಪಿಗಿಂತ ಸಡಿಲ: ಪರೀಕ್ಷೆಯಲ್ಲಿ ಉಕ್ಕಿನ ಗುಂಡಿನ ಮೇಲೆ ಬೀಳುವ ಸವೆತದ ಕಲೆ ಯುರೋಪಿನಲ್ಲಿ 460 ಮೈಕ್ರಾನ್ ದಾಟಬಾರದು, ಅಮೆರಿಕದಲ್ಲಿ 520 ತನಕ ನಡೆಯುತ್ತದೆ. ಇಂಥ ಡೀಸೆಲ್ಲಿಗೆ 2011ರಿಂದ ಫೋರ್ಡ್ ಮತ್ತು ಜಿಎಂ ಪಿಕಪ್‌ಗಳು ಬಾಷ್‌ನ ಸಿಪಿ4 ಎಂಬ ಹೈಪ್ರೆಶರ್ ಪಂಪನ್ನು ಜೋಡಿಸಿದವು. ಆ ಪಂಪಿಗೆ ಬೇರೆ ಆಯಿಲ್ ಇಲ್ಲ. ಒಳಗೆ ಹರಿಯುವ ಡೀಸೆಲ್ಲೇ ಆಯಿಲ್. ಕ್ಯಾಮಿನ ಮೇಲೆ ಒಂದು ರೋಲರ್ ಉರುಳುತ್ತದೆ. ಜಿಡ್ಡು ಸಾಲದೆ, ಅಥವಾ ನೀರೋ ಗಾಳಿಯೋ ಸೇರಿ, ರೋಲರ್ ತನ್ನ ಗೂಡಿನಲ್ಲಿ ಅಡ್ಡಕ್ಕೆ ತಿರುಗಿಬಿಟ್ಟರೆ ಅದು ಉರುಳುವ ಬದಲು ಕೆರೆಯುತ್ತದೆ. ಉದುರಿದ ಉಕ್ಕಿನ ಪುಡಿ ಡೀಸೆಲ್ ಹಂಚುವ ‘ರೈಲ್’ ಎಂಬ ಕೊಳವೆಗೆ, ಅಲ್ಲಿಂದ ಎಲ್ಲ ನಾಝಲ್‌ಗಳಿಗೆ, ವಾಪಸ್ ಲೈನಿನಲ್ಲಿ ಟ್ಯಾಂಕಿಗೆ. ಮೆಕ್ಯಾನಿಕ್ ಫಿಲ್ಟರಿನ ಡೀಸೆಲ್ಲನ್ನು ಬಿಳಿ ಬಟ್ಟಲಿಗೆ ಬಸಿದು ಟಾರ್ಚ್ ಹಿಡಿಯುತ್ತಾನೆ. ಜರಿಯಂತೆ ಮಿನುಗಿದರೆ ಮಾತೇ ಇಲ್ಲ, ಟ್ಯಾಂಕಿನಿಂದ ನಾಝಲ್‌ವರೆಗೆ ಎಲ್ಲವೂ ಹೊಸದು. ಬಿಲ್ಲು ಎಂಟು–ಹತ್ತು ಸಾವಿರ ಡಾಲರ್. ರ‍್ಯಾಮ್ ಕೂಡ 2019ರಲ್ಲಿ ಇದೇ ಪಂಪಿಗೆ ಬದಲಾಯಿಸಿಕೊಂಡು, 2021ರಲ್ಲಿ ಗಾಡಿಗಳನ್ನು ವಾಪಸ್ ಕರೆಸಿ ಹಳೆಯ ಮಾದರಿಯ ಸಿಪಿ3 ಪಂಪನ್ನೇ ಹಾಕಿಕೊಡಬೇಕಾಯಿತು.

ಜನ ಸುಮ್ಮನಿರಲಿಲ್ಲ. ಡಿಪಿಎಫ್ ಕಿತ್ತು, ಕಂಪ್ಯೂಟರಿಗೆ ಸುಳ್ಳು ಪಾಠ ಹೇಳಿಕೊಡುವ ದಂಧೆ ಬೆಳೆಯಿತು. ಹೀಗೆ ಹೊಗೆ ನಿಯಂತ್ರಣ ಕಿತ್ತುಹಾಕಿದ ಡೀಸೆಲ್ ಪಿಕಪ್‌ಗಳು ಒಂದು ದಶಕದಲ್ಲಿ 5.5 ಲಕ್ಷ ಮೀರಿವೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿತು. ಅದನ್ನು ಮಾಡಿದವರು ಇಂಜಿನ್ ಉಳಿಸಿಕೊಂಡೆ ಎಂದು ಬೀಗುತ್ತಾರೆ. ಹಿಂದೆ ಬರುವವರ ಶ್ವಾಸಕೋಶ ಅವರ ಲೆಕ್ಕದಲ್ಲಿಲ್ಲ. ಇತ್ತ ಕಂಪನಿಗಳೂ ಸಾಚಾ ಅಲ್ಲ. ರ‍್ಯಾಮ್ ಪಿಕಪ್ಪುಗಳಿಗೆ ತಾನು ಕೊಟ್ಟ ಇಂಜಿನ್ನಿನಲ್ಲಿ ಪರೀಕ್ಷೆಗೆ ಮೋಸ ಮಾಡುವ ತಂತ್ರಾಂಶವಿತ್ತೆಂಬ ಪ್ರಕರಣದಲ್ಲಿ ಕಮಿನ್ಸ್ 167.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿದ್ದು 2023ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಅಲ್ಲಿನ ಸ್ವಚ್ಛ ಗಾಳಿ ಕಾಯ್ದೆಯಡಿ ಅಷ್ಟು ದೊಡ್ಡ ಸಿವಿಲ್ ದಂಡ ಅದಕ್ಕೆ ಮೊದಲು ಬಿದ್ದಿರಲಿಲ್ಲ.

ಹಾಗಾದರೆ ಪೆಟ್ರೋಲ್ ಗೆದ್ದಿತೇ? ಅದೂ ತನ್ನ ದಾರಿಯಲ್ಲಿ ಜಟಿಲವಾಗಿದೆ. ಮೈಲೇಜಿಗಾಗಿ ಅರ್ಧ ಸಿಲಿಂಡರುಗಳನ್ನು ಮಲಗಿಸುವ ಜಿಎಂ ವಿ8ಗಳಲ್ಲಿ ಲಿಫ್ಟರುಗಳು ಕೈಕೊಟ್ಟವು. 2021ರಿಂದ 2024ರವರೆಗಿನ 6.2 ಲೀಟರಿನ ವಿ8ನ ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್ ದೋಷಕ್ಕೆ 2025ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲೇ ಸುಮಾರು 6 ಲಕ್ಷ ಗಾಡಿಗಳನ್ನು ವಾಪಸ್ ಕರೆಯಲಾಯಿತು; ಪರೀಕ್ಷೆಯಲ್ಲಿ ಪಾಸಾದ ಇಂಜಿನ್‌ಗಳಿಗೆ ಮೊದಲಿಗಿಂತ ಮಂದವಾದ ಆಯಿಲ್ ಹಾಕಿ ಕಳಿಸಿದರು. ಹತ್ತು ಲಕ್ಷ ಮೈಲಿ ಓಡಿದ ಟಂಡ್ರಾದ ವಂಶದಲ್ಲೇ, ವಿ8 ಬಿಟ್ಟು ಅವಳಿ ಟರ್ಬೊದ ವಿ6 ತಂದ ಮೇಲೆ, ತಯಾರಿಕೆಯಲ್ಲಿ ಒಳಗುಳಿದ ಲೋಹದ ಚೂರಿನಿಂದಾಗಿ 2024ರಲ್ಲಿ ಸುಮಾರು ಲಕ್ಷ ಗಾಡಿಗಳು ವಾಪಸ್ ಬಂದವು. ಗಾಡ್‌ಜಿಲ್ಲಾ ಇಂಜಿನ್ನಿಗೆ ಜನ ಮುಗಿಬೀಳುವುದು ಇದಕ್ಕೇ: ಎರಕದ ಕಬ್ಬಿಣದ ಬ್ಲಾಕ್, ಪುಶ್‌ರಾಡ್, ಟರ್ಬೊ ಇಲ್ಲ. 2020ರಲ್ಲಿ ಬಂದರೂ ತಂತ್ರ 1965ರ ಆರು ಸಿಲಿಂಡರಿನ ದಾಯಾದಿ. ಆಯಿಲ್ ಎಂಟು ಲೀಟರಿನೊಳಗೆ ಮುಗಿಯುತ್ತದೆ, ಫೋರ್ಡ್‌ನದ್ದೇ 6.7 ಡೀಸೆಲ್ ಹನ್ನೆರಡು ಲೀಟರ್ ಕೇಳುತ್ತದೆ, ಮೇಲೆ ಎರಡು ಡೀಸೆಲ್ ಫಿಲ್ಟರು, ಯೂರಿಯಾ.

ನನ್ನನ್ನು ಕೇಳಿದರೆ, ವರ್ಷಪೂರ್ತಿ ಆರೇಳು ಟನ್ ಎಳೆಯುವವನಿಗೆ ಇವತ್ತಿಗೂ ಡೀಸೆಲ್ಲೇ ಸರಿ. ಕಡಿದಾದ ಘಾಟ್ ಇಳಿಯುವಾಗ ಅದರ ಎಕ್ಸಾಸ್ಟ್ ಬ್ರೇಕ್ ಕೊಡುವ ಧೈರ್ಯಕ್ಕೇ ಅರ್ಧ ದುಡ್ಡು ಕೊಡಬಹುದು. ವಾರಕ್ಕೊಮ್ಮೆ ದೋಣಿ ಎಳೆಯುವವನು ಪೆಟ್ರೋಲ್ ತೆಗೆದುಕೊಂಡು ಉಳಿದ ದುಡ್ಡಿನಲ್ಲಿ ಬೇಕಾದರೆ ಇನ್ನೊಂದು ಇಂಜಿನ್ನನ್ನೇ ಕೊಳ್ಳಬಹುದು.

ನಮ್ಮಲ್ಲಿ ಇದೇ ಕಥೆ ತಡವಾಗಿ ತಲುಪಿದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2022ರಲ್ಲಿ ಹೊರಬಂದ ಹೈಲಕ್ಸ್ ಪಿಕಪ್ ಮಾತ್ರ 2.8 ಲೀಟರ್ ಡೀಸೆಲ್‌ನಲ್ಲೇ ಬಂತು. ಹೆದ್ದಾರಿಗೆ ಹೊಂದುವ ಇಂಥ ಡೀಸೆಲ್ ಗಾಡಿಗಳು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಂಟೆಗಟ್ಟಲೆ ತೆವಳಿದರೆ ಡಿಪಿಎಫ್ ದೀಪ ಹತ್ತಿಕೊಳ್ಳುತ್ತದೆ. “ಇಂಜಿನ್‌ಗೆ ಏನೂ ಆಗಿಲ್ಲ ಸಾರ್, ಒಂದ್ಸಲ ತುಮಕೂರು ರೋಡಲ್ಲಿ ಎಳ್ಕೊಂಡ್ ಬನ್ನಿ” ಎನ್ನುವುದು ಗ್ಯಾರೇಜಿನವರ ಮಾಮೂಲಿ ಔಷಧಿ.

ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ನೋಡಲು ಹೋಗುವ ಅಮೆರಿಕನ್ನರಲ್ಲಿ ತಿಳಿದವರು ಮೈಲಿಗಿಂತ ಮೊದಲು ಇಂಜಿನ್ ಓಡಿದ ಗಂಟೆಗಳ ಮೀಟರ್ ತೋರಿಸು ಎನ್ನುತ್ತಾರೆ. ಚಳಿಗಾಲದಲ್ಲಿ ಹೀಟರ್‌ಗಾಗಿ, ಕಾಮಗಾರಿ ಜಾಗದಲ್ಲಿ ಯಂತ್ರಗಳಿಗಾಗಿ ಗಾಡಿ ನಿಂತಲ್ಲೇ ಗುರುಗುಟ್ಟುತ್ತಿರುತ್ತದೆ. ಮೈಲಿ ಮೀಟರಿಗೆ ಅದು ಕಾಣುವುದಿಲ್ಲ, ಡಿಪಿಎಫ್‌ಗೆ ಕಾಣುತ್ತದೆ. ಹೀಗೆ ನಿಂತು ಓಡಿದ ಒಂದು ಗಂಟೆಯನ್ನು ಸುಮಾರು 25 ಮೈಲಿ ಓಟಕ್ಕೆ ಸಮವೆಂದು ಹಿಡಿಯುವುದು ಫೋರ್ಡ್‌ನ ಡೀಸೆಲ್ ಕೈಪಿಡಿಗಳ ಲೆಕ್ಕ. ಮೀಟರಿನಲ್ಲಿ ಒಂದು ಲಕ್ಷ ಮೈಲಿ ತೋರಿಸುವ ಪಿಕಪ್ 6,000 ಗಂಟೆ ನಿಂತಲ್ಲೇ ಓಡಿದ್ದರೆ, ಆ ಇಂಜಿನ್ನಿಗೆ ಆಗಿರುವುದು ಎರಡೂವರೆ ಲಕ್ಷ.